ಹಸಿರು ಗುಡ್ಡದೊಳಗಿನ ಮೂರು ತೊಟ್ಟಿಲು

ಬಹು ಕಾಲದ ಹಿಂದಿನ ಮಾತು. ಪಡುವಣ ಕಡಲಿನ ಅಂಚಿನಲ್ಲಿ ಗ್ಲೆನಾರ್ ಎಂಬ ಮಂಜಿನ ರಾಜ್ಯವಿತ್ತು. ಅಲ್ಲಿ ಮೊರ್ವೆನ್ ಎಂಬ ನೇಕಾರ ಹೆಂಗಸಿದ್ದಳು. ಅವಳ ಗಂಡ ಕಡಲುಪಾಲಾಗಿದ್ದ. ಉಳಿದವನು ಆರು ತಿಂಗಳ ಕೂಸು ಈವನ್ ಒಬ್ಬನೇ.

ಒಂದು ಬೆಳಿಗ್ಗೆ ತೊಟ್ಟಿಲಿಗೆ ಬಗ್ಗಿದವಳು ಬೆಚ್ಚಿಬಿದ್ದಳು. ಒಳಗಿದ್ದುದು ಅವಳ ಮಗುವಲ್ಲ. ಕಡ್ಡಿಯಂಥ ಕೈಕಾಲು, ಹಸಿರು ಕಣ್ಣು, ಎಷ್ಟು ಹಾಲು ಕುಡಿದರೂ ತೀರದ ಹಸಿವು. ಊರಾಚೆಯ ಹಸಿರು ಗುಡ್ಡದೊಳಗೆ ವಾಸಿಸುವ ಕಿನ್ನರಿಯರು ಮಗುವನ್ನು ಅದಲುಬದಲು ಮಾಡಿದ್ದರು. ಮೊರ್ವೆನ್ ಆರು ದಿನ ಗುಡ್ಡವನ್ನು ಸುತ್ತಿ ಸುತ್ತಿ ಕೂಗಿದಳು. ಗುಡ್ಡ ಬಾಯಿ ಬಿಡಲಿಲ್ಲ.

ಏಳನೆಯ ದಿನ ನೆರೆಮನೆಯ ಊನಾ ಅಜ್ಜಿ ಬಂದಳು. “ಆ ಪೀಡೆಯನ್ನು ಕೆಂಡದ ಮೇಲೆ ಹಿಡಿ, ಮಗಳೇ. ಅದು ಚೀರಿದರೆ ಅವರೇ ಓಡಿ ಬಂದು ನಿನ್ನ ಮಗುವನ್ನು ಕೊಡುತ್ತಾರೆ.”

ಮೊರ್ವೆನ್ ಆ ಕೂಸನ್ನು ಎದೆಗವಚಿಕೊಂಡಳು. “ನನ್ನ ಕೈಲಾಗದು ಅಜ್ಜಿ. ಬೇರೆ ದಾರಿ ಹೇಳು.”

“ಹಾಗಾದರೆ ಅದನ್ನೆತ್ತಿಕೊಂಡು ಗುಡ್ಡದೊಳಕ್ಕೆ ಹೋಗು. ಅದು ಜೊತೆಗಿದ್ದರೆ ಬಾಗಿಲು ತೆರೆಯುತ್ತದೆ. ಅಲ್ಲಿ ಏನೂ ತಿನ್ನಬೇಡ. ಯಾರು ಹೆಸರು ಹಿಡಿದು ಕರೆದರೂ ಓಗೊಡಬೇಡ. ಇವತ್ತು ಹೊತ್ತು ಮುಳುಗಿದರೆ ಈವನ್ ಎಂದೆಂದಿಗೂ ಅವರವನು!”

ಹೊತ್ತು ಆಗಲೇ ವಾಲಿತ್ತು. ಮೊರ್ವೆನ್ ಓಡಿದಳು. ಗುಡ್ಡ ಬಿರಿದು ದಾರಿ ಕೊಟ್ಟಿತು.

ಮೊದಲನೆಯ ಕೋಣೆಯಲ್ಲಿ ಬಿಸಿ ರೊಟ್ಟಿ, ಜೇನು, ಬೆಣ್ಣೆ. ದಿನಗಟ್ಟಲೆ ಉಂಡಿರದ ಅವಳ ಹೊಟ್ಟೆ ಚುರುಗುಟ್ಟಿತು. ಮುಟ್ಟದೆ ಮುಂದೆ ನಡೆದಳು.

ಎರಡನೆಯ ಕೋಣೆ ಕಗ್ಗತ್ತಲು. “ಮೊರ್ವೆನ್, ಚಳಿಯಾಗುತ್ತಿದೆ ಕಣೇ” ಎಂದು ಬೆನ್ನ ಹಿಂದಿನಿಂದ ಗಂಡನ ದನಿ ಕರೆಯಿತು. ರಕ್ತ ಬರುವಂತೆ ತುಟಿ ಕಚ್ಚಿಕೊಂಡು ಮುಂದೆ ನಡೆದಳು.

ಮೂರನೆಯ ಕೋಣೆಯಲ್ಲಿ ಕಿನ್ನರಿಯರ ರಾಣಿ ಕುಳಿತಿದ್ದಳು. ಮುಂದೆ ಮೂರು ತೊಟ್ಟಿಲು, ಮೂರರಲ್ಲೂ ಈವನ್. ಅದೇ ಮೂಗು, ಅದೇ ನಗು.

“ನಿನ್ನವನನ್ನು ಗುರುತಿಸು. ತಪ್ಪಿದರೆ ನೀನೂ ಇಲ್ಲೇ” ಎಂದಳು ರಾಣಿ.

“ಎತ್ತಿಕೊಂಡು ನೋಡಲೇ?”

“ಎಷ್ಟು ಹೊತ್ತಾದರೂ ನೋಡು.” ರಾಣಿ ನಕ್ಕಳು. ಮೇಲಿನ ಬಿರುಕಿನಿಂದ ಬೀಳುತ್ತಿದ್ದ ಬಿಸಿಲು ಕೆಂಪಾಗುತ್ತಿತ್ತು.

ಮೊದಲನೆಯದನ್ನು ಎತ್ತಿದಳು, ತಿಳಿಯಲಿಲ್ಲ. ಎರಡನೆಯದನ್ನು ಎತ್ತಿದಳು, ತಿಳಿಯಲಿಲ್ಲ. ಹೆತ್ತವಳಿಗೇ ಗುರುತು ಸಿಗದೆ ಹೋಯಿತಲ್ಲ ಎಂದು ಎದೆ ಒಡೆದಂತಾಯಿತು. ಮೂರನೆಯದನ್ನು ಎತ್ತಿದಳು. ಮಡಿಲೆಲ್ಲ ಬೆಚ್ಚಗೆ ಒದ್ದೆಯಾಯಿತು.

ಕಿನ್ನರಿಯರ ಮಕ್ಕಳು ಇಬ್ಬನಿ ಕುಡಿದು ಬೆಳೆಯುವವು. ಅವುಗಳಿಗೆ ಈವನ್‌ನ ರೂಪ ಕೊಟ್ಟಿದ್ದ ರಾಣಿಗೆ ಉಚ್ಚೆ ಹೊಯ್ಯಿಸುವ ಮಾಯೆ ತಿಳಿದಿರಲಿಲ್ಲ.

“ಇವನೇ ನನ್ನವನು!” ಮೊರ್ವೆನ್ ಅಳುತ್ತ ನಕ್ಕಳು.

ರಾಣಿಯ ಮುಖ ಕಪ್ಪಿಟ್ಟಿತು. “ತೊಲಗು. ಆ ರೋಗಿಷ್ಟ ಕೂಸನ್ನು ಇಲ್ಲೇ ಎಸೆದು ಹೋಗು. ನಮಗೆ ಬೇಡವಾದದ್ದು ಅದು.”

“ಏಳು ದಿನ ನನ್ನ ಹಾಲು ಕುಡಿದಿದೆ. ಎಸೆಯಲಾರೆ.”

ಎರಡು ಕಂಕುಳಲ್ಲಿ ಎರಡು ಕೂಸು ಅವಚಿಕೊಂಡು ಅವಳು ಓಡಿದಳು. ಹೊರಗೆ ಕಾಲಿಟ್ಟದ್ದೇ ತಡ, ಗುಡ್ಡ ಮುಚ್ಚಿಕೊಂಡಿತು. ಸೂರ್ಯ ಕಡಲಿಗಿಳಿದ.

ಗುಡ್ಡದ ಕಟ್ಟಳೆ ಒಂದಿತ್ತು: ತಮ್ಮವರಲ್ಲೊಬ್ಬರನ್ನು ಸಾಕುವ ರಾಜ್ಯದ ಮೇಲೆ ಕಿನ್ನರಿಯರು ಕೈಮಾಡುವಂತಿಲ್ಲ. ಅಂದಿನಿಂದ ಗ್ಲೆನಾರ್‌ನಲ್ಲಿ ಒಂದು ಕೂಸೂ ಕಳುವಾಗಲಿಲ್ಲ. ಹಸಿರು ಕಣ್ಣಿನ ಕೂಸು ಮೈಕೈ ತುಂಬಿಕೊಂಡಿತು. ಅಣ್ಣತಮ್ಮಂದಿರು ಜಗಳವಾಡುತ್ತ, ನಗುತ್ತ ಬೆಳೆದರು. ತಾಯಿ ಮಕ್ಕಳು ಬಹುಕಾಲ ಸುಖವಾಗಿ ಬಾಳಿದರು.