ಚೆನ್ನಯನ ಎಲೆ

ಅದು ೧೯೭೧ರ ಡಿಸೆಂಬರ್, ಯುದ್ಧದ ಬ್ಲಾಕ್‌ಔಟಿನ ದಿನಗಳು. ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದ ಮಾಟುಂಗದ ಆ ಹೋಟೆಲಿನೊಳಗೆ ಬೆಳಗಾದರೂ ಕತ್ತಲೆಯಿತ್ತು. ಮೂಲೆಯ ಮೇಜಿನ ಮೇಲೆ ಒಂದೇ ಒಂದು ಬಾಳೆಲೆ. ಅನ್ನ, ಸಾರು, ಬದನೆ ಪಲ್ಯ ಬಡಿಸಿತ್ತು. ಎಡಕ್ಕಿರಬೇಕಾದ ತುದಿ ಬಲಕ್ಕಿತ್ತು, ಸತ್ತವರಿಗೆ ಹಾಕುವ ಹಾಗೆ.

ಇದು ಮೂರನೇ ಸಲವಂತೆ. ಮಾಲಕ ರಮಾನಾಥರು ಬೊರಿವಲಿಯಿಂದ ಬರುವ ಮೊದಲೇ ಎಲೆ ಬಿದ್ದಿರುತ್ತಿತ್ತು. ಆ ಮೇಜು ಅಡುಗೆಯ ಚೆನ್ನಯ ಉಣ್ಣಲು ಕೂರುತ್ತಿದ್ದ ಜಾಗ. ಹೋದ ವರ್ಷ ಅವನು ಜ್ವರದಲ್ಲೇ ಒಲೆಯ ಮುಂದೆ ಕುಸಿದು ಸತ್ತಿದ್ದ. ಅವನ ಹೆಂಡತಿ ದೇವಕ್ಕ ಅಲ್ಲೇ ಹಿಟ್ಟು ರುಬ್ಬಿಕೊಂಡು, ಹಿಂದಿನ ಕೋಣೆಯಲ್ಲಿದ್ದಳು; ಆಳುಗಳೂ ಗಲ್ಲಾದಲ್ಲಿ ಕೂರುವ ದೂಜನೂ ರಾತ್ರಿ ಹೋಟೆಲಿನಲ್ಲೇ ಮಲಗುತ್ತಿದ್ದರು.

ಇದು ದೇವಕ್ಕನದೇ ಕೆಲಸ, ಅಡುಗೆಮನೆಯನ್ನು ಅವಳಿಗೇ ಒಪ್ಪಿಸಬೇಕೆಂದಿದ್ದೆ, ಈಗ ಇವತ್ತೇ ಹೊರಗೆ ಹಾಕುತ್ತೇನೆ ಎಂದರು ರಮಾನಾಥ. ಗಂಡನಿಗೆ ರಜೆ ಕೊಡದ್ದಕ್ಕೆ ಸೇಡು ಇದು ಎಂದು ಗಲ್ಲಾದ ದೂಜನೂ ದನಿಗೂಡಿಸಿದ. ಆ ಹೆಂಗಸಿಗೆ ಮುಂಬಯಿಯಲ್ಲಿ ಬೇರೆ ಸೂರಿರಲಿಲ್ಲ.

ಬೆಳಗಿನ ಕಾಫಿಗೆ ನನ್ನ ಜೊತೆ ಬಂದಿದ್ದ ನೆರೆಯ ಗುರಲಿಂಗಪ್ಪನವರು, ಬಿಜಾಪುರದ ನಿವೃತ್ತ ರೈಲ್ವೆ ಪೊಲೀಸರು, ನೇರ ಅಡುಗೆಮನೆಗೆ ನಡೆದು ಚೆನ್ನಯ ಏನೇನು ಉಣ್ಣುತ್ತಿದ್ದ ಎಂದು ವಿಚಾರಿಸಿದರು. ಇವರಿಗೇ ಹಸಿವಾಗಿದೆ ಎಂದುಕೊಂಡೆ. ಬದನೆ ಮುಟ್ಟಿದರೆ ಅವನಿಗೆ ಮೈಯೆಲ್ಲ ತುರಿಕೆ ಎಂದು ಆಳುಗಳು ನೆನೆದು ನಕ್ಕರು. ಅವರೆಲ್ಲ ಚೆನ್ನಯನ ಜೊತೆಗೇ ಉಣ್ಣುತ್ತಿದ್ದವರು; ದೂಜನ ತಟ್ಟೆ ಮಾತ್ರ ಗಲ್ಲಾಕ್ಕೇ ಹೋಗುತ್ತಿತ್ತು.

ಆಮೇಲೆ ಗುರಲಿಂಗಪ್ಪನವರು ಎಲ್ಲರನ್ನೂ ಆ ಮೇಜಿನ ಸುತ್ತ ನಿಲ್ಲಿಸಿದರು.

"ಸತ್ತವರಿಗೆ ಅವರು ಇಷ್ಟಪಟ್ಟಿದ್ದು ಬಡಸ್ತಾರ್ರಿ. ಬದನಿ ಬಡಿಸಿದವ್ರಿಗೆ ಚೆನ್ನಯ ಗೊತ್ತಿಲ್ಲ. ಇಲ್ಲೇ ಮಲಗೋರೊಳಗ ಅಂಥಾವ ದೂಜ ಒಬ್ಬನ. ಇನ್ನ, ಇದು ಸೇಡೂ ಅಲ್ಲ. ಸೇಡು ತೀರಿಸ್ಕೊಳ್ಳೋರು ಹೊಡದವ್ರು ಯಾರಂತ ತಿಳೀಲಿ ಅಂತಾರ. ಹಗಿ ಇದ್ದವ್ರು ಮಾರಿ ತಿರುವಿ ಕೂಡ್ತಾರ. ಮತ್ತೊಬ್ಬರ ಹೆಸರಿನ್ಯಾಗ ಅಡಗೋದು ಹೊಟ್ಟಿಕಿಚ್ಚು ಒಂದ."

ದೂಜ ಮುಖ ತಗ್ಗಿಸಿದ. ಅಡುಗೆಮನೆ ತನ್ನ ತಮ್ಮನಿಗೆ ಸಿಗಬೇಕಿತ್ತು, ನಿನ್ನೆ ಮೊನ್ನೆ ಬಂದ ಹೆಂಗಸಿನ ಪಾಲಾಗುವುದನ್ನು ನೋಡಲಾಗಲಿಲ್ಲ ಎಂದು ಒಪ್ಪಿಕೊಂಡ.

ರಮಾನಾಥರಿಗೆ ಹಗುರಾಯಿತು. ಹಾಗಾದರೆ ನನ್ನ ಮೇಲೆ ನಿನಗೇನೂ ಇಲ್ಲವಲ್ಲ ಎಂದು ದೇವಕ್ಕನನ್ನು ಕೇಳಿದರು.

"ಹಗೆ ಉಂಟು, ಧಣಿಗಳೇ" ಎಂದಳು ಅವಳು. "ಸೇಡು ಬೇಡ. ಸೇಡು ತೀರಿದ್ರೆ ಮುಗೀತದೆ."

ರಮಾನಾಥರು ಎಲೆಯನ್ನು ತಾವೇ ಮಡಿಸಿ ತೆಗೆದು, ಉಗ್ರಾಣದ ಬೀಗದ ಕೈಯನ್ನು ಅವಳ ಮುಂದಿಟ್ಟರು. ಚೆನ್ನಯನಿಗೆ ಏನು ಇಷ್ಟವಿತ್ತು ಎಂದು ಮೆಲ್ಲಗೆ ಕೇಳಿದರು.

"ಅದನ್ನು ಅವರಿರುವಾಗ ಕೇಳ್ಬೇಕಿತ್ತು" ಎಂದು ದೇವಕ್ಕ ಬೀಗದ ಕೈ ಎತ್ತಿಕೊಂಡು ಒಳಗೆ ಹೋದಳು.