ಹನ್ನೊಂದನೇ ನಿಯಮ

ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಕೂತು ಬೂತಾಯಿ ಮೀನು ಶುಚಿ ಮಾಡುತ್ತಿದ್ದೆ. ಒಂದು ಕಡೆ ಬೆಕ್ಕು, ಇನ್ನೊಂದು ಕಡೆ ಕಾಗೆ, ಎರಡಕ್ಕೂ ನನ್ನ ಕೈ ಮೇಲೆಯೇ ಕಣ್ಣು. ಅರ್ಧ ಮೀನು ಮುಗಿದಿರಬಹುದು, ಅಷ್ಟರಲ್ಲಿ ಅಪ್ಪಿ ಓಡಿ ಬಂದು ಹಳದಿಗೆ ತಿರುಗಿದ ಕಾಗದವೊಂದನ್ನು ನನ್ನ ಮೂಗಿನೆದುರು ಹಿಡಿದಳು.

"ಅಮ್ಮಾ, ಇದು ಎಂತ?"

ಅಪ್ಪಿ ನಮ್ಮ ಮಗಳು. ಒಂಬತ್ತು ವರ್ಷ, ಅಜ್ಜಿಯ ಹೆಸರು. ಚೆಂಡಿಗೆ ಗಾಳಿ ಹಾಕುವ ಪಂಪು ಹುಡುಕಲು ಅವಳಪ್ಪನ ಟ್ರಂಕು ತೆರೆದಿದ್ದಳಂತೆ.

ನನ್ನ ಕೈಯಲ್ಲೆಲ್ಲ ಮೀನಿನ ಹುರುಪೆ. ಕಸಿದುಕೊಳ್ಳುವ ಹಾಗಿರಲಿಲ್ಲ. ಸೈಕ್ಲೋಸ್ಟೈಲ್ ಮಾಡಿದ ಆ ಅಕ್ಷರಗಳನ್ನು ಕಂಡ ಕೂಡಲೇ ಗುರುತು ಸಿಕ್ಕಿತ್ತು. ಅದನ್ನು ಟೈಪ್ ಮಾಡಿದವಳು ನಾನೇ.

"ಹಳೆಯ ಕಾಗದ. ಇದ್ದಲ್ಲೇ ಇಡು."

ಅವಳು ಇಡಲಿಲ್ಲ. ಪಾಠ ಒಪ್ಪಿಸುವ ಹಾಗೆ ಓದತೊಡಗಿದಳು. "ಸಂಜೆಯ ವಾಲಿಬಾಲ್ ಲೀಗ್, ಸಾವಿರದ ಒಂಬೈನೂರ ಎಪ್ಪತ್ತೇಳು. ಇದು ಸಂತೋಷಕ್ಕಾಗಿ ಆಡುವ ಆಟ. ಒಂದು, ಪ್ರತಿ ತಂಡದಲ್ಲಿ ಇಬ್ಬರು ಹುಡುಗಿಯರು ಇರಲೇಬೇಕು. ಎರಡು, ಮೂರು ಹೊಡೆತಗಳಲ್ಲಿ ಒಂದಾದರೂ ಹುಡುಗಿಯದ್ದಾಗಿರಬೇಕು. ಮೂರು, ಲುಂಗಿ ಉಟ್ಟು ಆಡುವಂತಿಲ್ಲ. ನಾಲ್ಕು, ಚೆಂಡು ಗೇರುಮರದ ಆಚೆ ಹೋದರೆ ಹೊಡೆದವರೇ ತರಬೇಕು..." ಅವಳು ಬಿದ್ದು ಬಿದ್ದು ನಕ್ಕಳು. ಕೊನೆಗೆ ಬಂದಾಗ ಸ್ವಲ್ಪ ತಡೆದಳು. "ಹತ್ತು, ಸೋತ ತಂಡ ನೆಟ್ ಬಿಚ್ಚಿ ಮಡಚಿಡಬೇಕು. ಹನ್ನೊಂದು..."

"ಅಪ್ಪಿ, ಸಾಕು. ಒಲೆ ಮೇಲೆ ಅನ್ನಕ್ಕೆ ನೀರು ಇಟ್ಟಿದ್ದೇನೆ, ಕುದಿ ಬಂತಾ ನೋಡು."

ಅವಳು ಹೋದಳು. ಆದರೆ ಕಾಗದವನ್ನು ಬಿಟ್ಟು ಹೋಗಲಿಲ್ಲ.

ಆ ಕಾಗದ ಹೊರಬರಲು ಬೇರೆ ದಿನವೇ ಸಿಗಲಿಲ್ಲವೇ? ಇವತ್ತು ಮಧ್ಯಾಹ್ನ ನಮ್ಮ ಕಾಲೇಜಿನ ಪ್ಯಾಟ್ರಿಶಿಯಾ ಊಟಕ್ಕೆ ಬರುವವಳು. ಕುವೈಟಿನಲ್ಲಿ ನರ್ಸ್ ಆಗಿರುವ ಅವಳು ರಜೆಯಲ್ಲಿ ಕಾರ್ಕಳಕ್ಕೆ ಬಂದಿದ್ದಾಳೆ. ನಮ್ಮವರು, ಕರುಣಾಕರ, ಕಾರ್ಕಳದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳಂತೆ, ಇವರು ಕರೆದರಂತೆ.

"ಅವಳಿಗೆ ಬೂತಾಯಿ ಗಸಿ ಅಂದರೆ ಭಾರೀ ಇಷ್ಟ," ಎಂದು ಬೇರೆ ಹೇಳಿದ್ದರು.

ಹನ್ನೊಂದು ವರ್ಷದ ಹಿಂದಿನ ಒಬ್ಬಳ ನಾಲಿಗೆಯ ರುಚಿ ಇವರಿಗೆ ನೆನಪುಂಟು. ನನಗೆ ಹಾಗಲಕಾಯಿ ಆಗುವುದಿಲ್ಲ ಎಂಬುದನ್ನು ಮಾತ್ರ ತಿಂಗಳಿಗೊಮ್ಮೆ ಮರೆಯುತ್ತಾರೆ. ಒಳಗಿನಿಂದ ಶಿಳ್ಳೆ ಕೇಳಿಸುತ್ತಿತ್ತು. ಭಾನುವಾರ ಶೇವ್ ಮಾಡದ ಮನುಷ್ಯ ಕನ್ನಡಿಯ ಮುಂದೆ ನಿಂತು ಗಲ್ಲ ಉಬ್ಬಿಸುತ್ತಿದ್ದರು. ನಾನು ಮುಂದಿನ ಮೀನಿನ ತಲೆಯನ್ನು ಬೇಕಾದುದಕ್ಕಿಂತ ಜೋರಾಗಿ ಕತ್ತರಿಸಿದೆ.

ಆಗ ನಾವೆಲ್ಲ ಮಣಿಪಾಲದ ಗುಡ್ಡದ ಮೇಲಿನ ಒಂದು ಕಾಲೇಜಿನಲ್ಲಿದ್ದೆವು. ಅಲೆಕ್ಸಾಂಡರ್ ಸರ್ ಆಟದ ಉಸ್ತುವಾರಿ. ಚೀಟಿ ಎತ್ತಿ ನಾಲ್ಕು ತಂಡ ಮಾಡಿದ್ದರು. ಹೆಸರೂ ಅವರೇ ಇಟ್ಟದ್ದು, ಉಡುಪಿ, ಮಣಿಪಾಲ, ಕಾಪು, ಕಾರ್ಕಳ. ಕಾಪುವಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಾನು ಕಾಪು ತಂಡಕ್ಕೇ ಬಿದ್ದೆ. ಹೆಜಮಾಡಿಯ ಕರುಣಾಕರ ಉಡುಪಿ ತಂಡಕ್ಕೆ. ಪ್ಯಾಟ್ರಿಶಿಯಾ ಕಾರ್ಕಳ ತಂಡದಲ್ಲಿದ್ದಳು, ತಂಡಗಳ ಪಟ್ಟಿಯೂ ಅವಳ ಕೈಯಲ್ಲೇ ಇತ್ತು.

ನಾನು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆಡುತ್ತಿದ್ದೆ. ಅವಳು ಸ್ಕರ್ಟು, ಬಿಳಿ ಕ್ಯಾನ್ವಾಸ್ ಶೂ. ಅವಳು ಹಾರಿದರೆ ಕೆಂಪು ಧೂಳೂ ಅವಳ ಜತೆ ಹಾರುತ್ತಿತ್ತು.

ಅಭ್ಯಾಸದ ಎರಡನೇ ದಿನ ನೆಟ್ಟಿನ ಆಚೆಯಿಂದ ಕರುಣಾಕರ ಕೇಳಿದ್ದರು, "ಸುಗಂಧಿಯವರೇ, ಚೆಂಡು ಮೇಲಿನಿಂದ ಬರುವುದು. ನೀವು ನನ್ನ ಮುಖ ಎಂತಕ್ಕೆ ನೋಡುವುದು?"

"ನೀವು ಯಾವ ಕಡೆ ಹೊಡೆಯುತ್ತೀರಿ ಅಂತ ನೋಡುವುದು."

"ಗೊತ್ತಾಯಿತಾ?"

"ಇನ್ನೂ ಇಲ್ಲ."

"ಹಾಗಾದರೆ ನೋಡ್ತಾ ಇರಿ."

ಆ ದಿನ ಬಸ್ಸಿನಲ್ಲಿ ಕಾಪು ದಾಟಿ ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ. ಮನೆಯಲ್ಲಿ ಬೈಗುಳ ತಿಂದೆ. ಬೈಗುಳವೂ ಸಿಹಿಯಾಗಿತ್ತು.

ಆದರೆ ಆ ವಾರವೇ ಗೇರುಮರದ ಕೆಳಗೆ ಅವರಿಬ್ಬರನ್ನು ಕಂಡೆ. ಪ್ಯಾಟ್ರಿಶಿಯಾಳ ಟಿಫಿನ್ ಡಬ್ಬಿಯ ಮೇಲೆ ಕಾಗದ ಇಟ್ಟು ಕರುಣಾಕರ ಏನೋ ಬರೆಯುತ್ತಿದ್ದರು. ಅವಳು ಬಗ್ಗಿ ನೋಡುತ್ತಿದ್ದಳು, ಅವಳ ಜಡೆ ಅವರ ಭುಜಕ್ಕೆ ತಾಗುತ್ತಿತ್ತು. ಅವಳು ಆ ಕಾಗದವನ್ನು ಹರಿದಳು. ಇಬ್ಬರೂ ನಕ್ಕರು. ಪುನಃ ಬರೆದರು.

"ತಂಡ ಬದಲಾಯಿಸುವ ಅರ್ಜಿಗೆ ಇಷ್ಟು ಹೆದರಿಕೆಯಾ ನಿನಗೆ?" ಎಂದಳು ಅವಳು.

ನಿನಗೆ! ನನಗೆ ಅವರು 'ನೀವು', ಅವಳಿಗೆ 'ನೀನು'. ಡಬ್ಬಿಗಿಂತ, ಜಡೆಗಿಂತ ಆ ಒಂದು ಮಾತು ನನ್ನನ್ನು ಸುಟ್ಟಿತು. ಉಡುಪಿ ತಂಡ ಬಿಟ್ಟು ಇವರು ಕಾರ್ಕಳ ತಂಡಕ್ಕೆ, ಅವಳ ಪಕ್ಕಕ್ಕೆ ಹೊರಟಿದ್ದಾರೆ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ಉಡುಪಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಜೂನಿಯರ್ ಪಾಸಾಗಿದ್ದೆನಲ್ಲ, ಲೀಗಿನ ನಿಯಮಗಳ ಸ್ಟೆನ್ಸಿಲ್ ಕತ್ತರಿಸುವ, ಅಂದರೆ ಪ್ರತಿ ತೆಗೆಯುವ ಮೇಣದ ಹಾಳೆಯಲ್ಲಿ ಟೈಪ್ ಮಾಡುವ ಕೆಲಸವನ್ನು ಸರ್ ಎಲ್ಲರೆದುರು ನನಗೇ ಕೊಟ್ಟಿದ್ದರು. ಅಂದು ಸಂಜೆ ಅವರ ಕೈಬರಹ ನೋಡಿಕೊಂಡು ಹತ್ತು ನಿಯಮಗಳನ್ನು ಟೈಪ್ ಮಾಡಿದೆ. ಹತ್ತು ಮುಗಿದ ಮೇಲೂ ಸ್ಟೆನ್ಸಿಲ್‌ನಲ್ಲಿ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ನನ್ನ ಬೆರಳು ನಿಲ್ಲಲಿಲ್ಲ. 'ಹನ್ನೊಂದು, ಒಮ್ಮೆ ಒಂದು ತಂಡಕ್ಕೆ ಹೆಸರು ಬಂದವರು ಲೀಗ್ ಮುಗಿಯುವವರೆಗೆ ಬೇರೆ ತಂಡಕ್ಕೆ ಹೋಗುವಂತಿಲ್ಲ.'

ಸ್ಟೆನ್ಸಿಲ್ಲನ್ನೂ ಅವರ ಕೈಬರಹದ ಹಾಳೆಯನ್ನೂ ಸರ್ ಮೇಜಿನ ಮೇಲಿಟ್ಟು ಓಡಿದೆ. ಮರುದಿನ ನಿಯಮಗಳು ಎಲ್ಲರ ಕೈಯಲ್ಲಿದ್ದವು. ಯಾರೂ ಏನೂ ಕೇಳಲಿಲ್ಲ. ಪ್ಯಾಟ್ರಿಶಿಯಾಳ ಜತೆ ನಾನು ಮಾತು ಬಿಟ್ಟೆ.

ಕರುಣಾಕರ ಉಡುಪಿ ತಂಡದಲ್ಲೇ ಉಳಿದರು. ನನ್ನ ಎದುರು. ಜಾಗ ಸರಿದು ಸರಿದು ನಾವಿಬ್ಬರೂ ನೆಟ್ಟಿನ ಬಳಿ ಎದುರುಬದುರಾದಾಗ ಆ ದಾರದ ಚೌಕಗಳ ನಡುವೆ ಅವರ ಮುಖ ಚೂರು ಚೂರಾಗಿ ಕಾಣುತ್ತಿತ್ತು. ಒಂದರಲ್ಲಿ ಹುಬ್ಬು, ಒಂದರಲ್ಲಿ ಬೆವರು, ಒಂದರಲ್ಲಿ ಬೇಕೆಂದೇ ಅಡಗಿಸಿಟ್ಟ ನಗು. ಒಂದೇ ತಂಡದಲ್ಲಿದ್ದಿದ್ದರೆ ಬೆನ್ನು ನೋಡಿಕೊಂಡೇ ಆಡಬೇಕಾಗಿತ್ತೇನೋ.

ಕೊನೆಯ ಆಟದಲ್ಲಿ ಉಡುಪಿ ಗೆದ್ದಿತು, ಕಾಪು ಸೋತಿತು. ನನ್ನ ತಂಡದವರು ಬಸ್ಸಿಗೆ ಓಡಿದರು. ನಾನೊಬ್ಬಳೇ ನೆಟ್ ಬಿಚ್ಚುತ್ತಿದ್ದಾಗ ಇನ್ನೊಂದು ತುದಿಯನ್ನು ಯಾರೋ ಎತ್ತಿ ಹಿಡಿದರು.

"ಗೆದ್ದವರು ಮಡಚಬೇಕಾಗಿಲ್ಲ," ಎಂದೆ.

"ಮಡಚಬಾರದು ಅಂತಲೂ ಬರೆದಿಲ್ಲವಲ್ಲ."

ಸೀರೆ ಮಡಚುವ ಹಾಗೆಯೇ ಅದು. ತುದಿಗೆ ತುದಿ ಸೇರಿಸಲು ಇಬ್ಬರೂ ಹತ್ತಿರ ಬರಬೇಕು. ಮೊದಲ ಮಡಿಕೆಗೆ ಹತ್ತು ಹೆಜ್ಜೆ ಬಂದರು. ಎರಡನೆಯದಕ್ಕೆ ಐದು. ನಾಲ್ಕನೆಯ ಮಡಿಕೆಯಲ್ಲಿ ಅವರ ಬೆರಳು ನನ್ನ ಬೆರಳಿನ ಮೇಲಿತ್ತು, ಯಾರೂ ತೆಗೆಯಲಿಲ್ಲ.

"ನಾನು ಅರ್ಜಿ ಬರೆದಿದ್ದೆ," ಎಂದರು. "ಕಾಪು ತಂಡಕ್ಕೆ ಬರುತ್ತೇನೆ ಅಂತ. ಸರ್ ಹನ್ನೊಂದನೇ ನಿಯಮ ತೋರಿಸಿದರು. ಕಾಗದದಲ್ಲಿ ಬಂದ ಮೇಲೆ ನಿಯಮ ನಿಯಮವೇ ಅಂದರು." ಅಷ್ಟು ಹೇಳಿ ನನ್ನ ಮುಖವನ್ನೇ ನೋಡುತ್ತಾ ನಿಂತರು.

ಹೇಳಬೇಕಾದದ್ದನ್ನು ಬಿಟ್ಟು, "ಕಾಪು ತಂಡಕ್ಕೆ ಯಾಕೆ?" ಎಂದು ಕೇಳಿದೆ.

"ನಿನಗೆ ಗೊತ್ತಿಲ್ವಾ?"

ಮೊದಲ ಬಾರಿ, ನಿನಗೆ. ಮರುವರ್ಷ ನಮ್ಮ ಮದುವೆಯಾಯಿತು.

ಅಂದಿನಿಂದ ಈ ಮನೆಯಲ್ಲಿ ಬಸ್ಸು ತಪ್ಪಿದರೂ, ಸಾರಿಗೆ ಉಪ್ಪು ಹೆಚ್ಚಾದರೂ ಇವರದ್ದು ಒಂದೇ ಮಾತು, "ಎಲ್ಲ ಆ ಹನ್ನೊಂದನೇ ನಿಯಮದಿಂದ ಮಾರಾಯ್ತಿ!" ನಾನೂ ನಗುತ್ತೇನೆ. ನಕ್ಕು ಒಳಗೆ ಹೋಗಿ ನೀರು ಕುಡಿಯುತ್ತೇನೆ. ಒಂದು ಜಡೆಯನ್ನು ಕಂಡು, ಏನೂ ಕೇಳದೆ, ನಾಲ್ಕು ತಂಡಗಳ ಆಟಕ್ಕೇ ಬೀಗ ಹಾಕಿದವಳು ತನ್ನ ಹೆಂಡತಿ ಎಂದು ತಿಳಿದರೆ ಇವರು ನನ್ನನ್ನು ನೋಡುವ ಆ ನೋಟ ಹಾಗೆಯೇ ಉಳಿಯುತ್ತದೆಯೇ? ಅದೊಂದು ಹೆದರಿಕೆಗೆ ಹನ್ನೊಂದು ವರ್ಷ ಬಾಯಿ ಮುಚ್ಚಿದ್ದೆ.

ಗಸಿಗೆ ತೆಂಗಿನಕಾಯಿ ತುರಿಯುವಾಗ ಅಪ್ಪಿ ಇನ್ನೊಮ್ಮೆ ಬಂದಳು. "ಅಮ್ಮಾ, ಒಂದು ವಿಷಯ..."

"ಆಮೇಲೆ, ಮಗಾ."

ಮಸಾಲೆ ಅರೆಯುವಾಗ ಬಂದಳು. ಆಗಲೂ ಆಮೇಲೆ ಎಂದೆ.

ಪ್ಯಾಟ್ರಿಶಿಯಾ ಪರ್ಕಳದಲ್ಲಿ ಬಸ್ಸಿಳಿದು ನಮ್ಮ ಮನೆಗೆ ಬರುವಾಗ ಹನ್ನೆರಡೂವರೆ. ಆಕಾಶ ಬಣ್ಣದ ಸೀರೆ, ಸೆಂಟಿನ ಪರಿಮಳ, ಕೈಯಲ್ಲಿ ಚಾಕೊಲೇಟಿನ ದೊಡ್ಡ ಡಬ್ಬಿ. ಇವರು ಗೇಟಿನವರೆಗೆ ಹೋದರು. ನನ್ನ ಅಣ್ಣ ಬಂದಾಗ ಜಗಲಿಯಿಂದ ಇಳಿಯದವರು.

"ಸುಗಂಧಿ, ನೀನು ಮಾತ್ರ ಹಾಗೆಯೇ ಇದ್ದಿ! ನಾನು ನೋಡು, ಈಗ ಹಾರಿದರೆ ನೆಲ ಅಲುಗಾಡುವುದು," ಎಂದು ಅವಳು ನನ್ನನ್ನು ತಬ್ಬಿಕೊಂಡಳು. ಅವಳ ತಬ್ಬುಗೆ ಬೆಚ್ಚಗಿತ್ತು. ಅದಕ್ಕೇ ನನಗೆ ಇನ್ನೂ ಕಷ್ಟವಾಯಿತು.

ಊಟಕ್ಕೆ ಕೂತೆವು. ಅವಳು ಗಸಿಯನ್ನು ಎರಡು ಸಲ ಹಾಕಿಸಿಕೊಂಡಳು. ಬೆರಳು ಚೀಪುತ್ತಾ ಸಲೀಸಾಗಿ ಕೇಳಿದಳು, "ಒಂದು ಕೇಳಲಾ? ಆ ವರ್ಷ ನೀನು ನನ್ನೊಟ್ಟಿಗೆ ಮಾತು ಬಿಟ್ಟದ್ದು ಯಾಕೆ? ನಾನು ಎಂತ ತಪ್ಪು ಮಾಡಿದ್ದು? ಅಲ್ಲಿ ನೈಟ್ ಡ್ಯೂಟಿಯಲ್ಲಿ ಕೂತಾಗಲೂ ಯೋಚಿಸಿದ್ದುಂಟು."

ನಾನು ಅವಳ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಗಸಿ ಬಡಿಸಿದೆ.

"ಇವನ ಅರ್ಜಿಗೆ ನಾನು ಮೂರು ಕಾಗದ ಹಾಳು ಮಾಡಿದ್ದು," ಅವಳು ಮುಂದುವರಿಸಿದಳು. "ಕಾಪು ಅಂತ ಎರಡು ಅಕ್ಷರ ಬರೆಯಲು ಇವನ ಕೈ ನಡುಗುವುದು! ನಿನ್ನ ತಂಡಕ್ಕೆ ಇವನನ್ನು ಹಾಕಿಸಲು ಸರ್ ಹತ್ರ ಜಗಳ ಮಾಡಿದವಳು ನಾನು. ನೀನು ನೋಡಿದರೆ ನನ್ನ ಮುಖ ಕಂಡರೆ ಆಚೆ ತಿರುಗುವುದು."

ಆಗ ಅಪ್ಪಿ ಊಟ ಬಿಟ್ಟು ಎದ್ದು ಹೋಗಿ ಬಂದಳು. ಅವಳ ಎಡಗೈಯಲ್ಲಿ ಈಗ ಎರಡು ಕಾಗದಗಳಿದ್ದವು. ಎರಡನೆಯದರಲ್ಲಿ ನೀಲಿ ಶಾಯಿಯ, ಬಲಕ್ಕೆ ವಾಲಿದ ಅಕ್ಷರ. ಅಲೆಕ್ಸಾಂಡರ್ ಸರ್ ಕೈಬರಹ.

ಅದನ್ನು ನಾನೇ ಸರ್ ಮೇಜಿನ ಮೇಲೆ ಇಟ್ಟು ಬಂದಿದ್ದೆ. ಅದು ಇವರ ಟ್ರಂಕಿನಲ್ಲಿ ಹೇಗೆ?

ಇವರತ್ತ ನೋಡಿದೆ. ಬಹಳ ಶ್ರದ್ಧೆಯಿಂದ ಮೀನಿನ ಮುಳ್ಳು ಬಿಡಿಸುತ್ತಿದ್ದರು. ತುಟಿಯ ಮೂಲೆಯಲ್ಲಿ ಆ ನಗು, ನೆಟ್ಟಿನ ಚೌಕದಲ್ಲಿ ಕಂಡದ್ದೇ.

"ಅಪ್ಪಿ, ಆಮೇಲೆ," ಎಂದೆ.

"ಆಮೇಲೆ ಎಂತಕ್ಕೆ? ಕೇಳಲಿ," ಎಂದರು ಇವರು, ತಟ್ಟೆಯಿಂದ ತಲೆಯೆತ್ತಿ. "ಅರ್ಜಿ ಕೊಡಲು ಹೋದ ದಿನವೇ ಸರ್ ಅದನ್ನು ನನ್ನ ಕೈಯಲ್ಲಿಟ್ಟರು. ಅದರ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಓದಿದ ಮೇಲೆ, ನನ್ನನ್ನು ಎದುರಿನಿಂದ ಎಲ್ಲಿಗೂ ಹೋಗಲು ಬಿಡದ ಇವಳನ್ನಲ್ಲದೆ ಬೇರೆ ಯಾರನ್ನೂ ಮದುವೆಯಾಗುವುದಿಲ್ಲ ಅಂತ ನಾನು ನಿಶ್ಚಯ ಮಾಡಿದ್ದು. ಇವಳೇ ಹೇಳಲಿ ಅಂತ ಹನ್ನೊಂದು ವರ್ಷದಿಂದ ಕಾಯ್ತಾ ಇದ್ದೇನೆ. ಕೇಳು ಮಗಾ, ಗಟ್ಟಿಯಾಗಿ ಕೇಳು."

ಪ್ಯಾಟ್ರಿಶಿಯಾ ಬೆರಳು ಚೀಪುವುದನ್ನು ನಿಲ್ಲಿಸಿದಳು. ಅಪ್ಪಿ ಎರಡೂ ಕಾಗದಗಳನ್ನು ಅಕ್ಕಪಕ್ಕ ಹಿಡಿದು, ಬೆಳಗಿನಿಂದ ನುಂಗಿಕೊಂಡಿದ್ದ ಉಸಿರನ್ನು ಒಮ್ಮೆಲೇ ಬಿಟ್ಟಳು.

"ಅಮ್ಮಾ, ಸರ್ ಬರೆದದ್ದು ಹತ್ತೇ ಉಂಟು. ಈ ಹನ್ನೊಂದನೆಯದ್ದನ್ನು ಬರೆದದ್ದು ಯಾರು?"