ಜಾಲರಿ ಪರದೆಯ ಹಿಂದಿನ ಕಾರು

"ನಿನ್ನ ಪರದೆ ನಂಬಿ ಕೆಟ್ಟೆ ಕಣಯ್ಯಾ ಫೆರಿಸ್! ಬಾ ಇಲ್ಲಿ, ಬಂದು ನೋಡು ನನ್ನ ಕಾರಿನ ಗತೀನ!"

ಗೇಲೆನ್ ಸ್ಟ್ರೋಡನ ಈ ಅಬ್ಬರಕ್ಕೆ ಮನೆಬಸ್ಸುಗಳಲ್ಲಿ ಬದುಕುವ ನಿವೃತ್ತರ ನಮ್ಮ ನದಿದಂಡೆಯ ಬಿಡಾರವೆಲ್ಲ ಕೈಯಲ್ಲಿ ಕಾಫಿ ಹಿಡಿದುಕೊಂಡೇ ಹೊರಗೆ ಬಂತು. ಅವನ ದೊಡ್ಡ ಮನೆಬಸ್ಸು ಆಗಷ್ಟೇ ಗೇಟು ದಾಟಿ ನಿಂತಿತ್ತು. ಅದರ ಬಾಲಕ್ಕೆ ಬಿಳಿ ಕಾರು ಕಟ್ಟಿತ್ತು, ಎರಡರ ನಡುವೆ ಫೆರಿಸ್ ಲುಂಡ್ ಹೊಲಿದುಕೊಟ್ಟ ಕಪ್ಪು ಜಾಲರಿ ಪರದೆ. ಬಸ್ಸಿನ ಹಿಂಚಕ್ರ ಎರಚುವ ಕಲ್ಲು ಕಾರಿಗೆ ತಾಗದಿರಲಿ ಎಂದು ಅದನ್ನು ಬಸ್ಸಿನ ಹಿಂಭಾಗದಿಂದ ಕಾರಿನ ಬಾನೆಟ್ಟಿನ ತುದಿಯವರೆಗೆ ಬಿಗಿದು ಕಟ್ಟುತ್ತಾರೆ. ನಮ್ಮಲ್ಲಿ ಅರ್ಧ ಜನರ ಕಾರಿಗೆ ಫೆರಿಸನದೇ ಪರದೆ. ಈಗ ನೋಡಿದರೆ ಕಾರಿನ ಬಾನೆಟ್ಟು ನಗ್ಗಿತ್ತು, ಮುಂದಿನ ಗಾಜು ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು.

"ಹೆದ್ದಾರೀಲಿ ಮುಷ್ಟಿ ಗಾತ್ರದ ಕಲ್ಲು ಬಂದು ಬಡೀತು. ನಿನ್ನ ಪರದೆ ಏನು ಮಾಡ್ತಿತ್ತು, ನಿದ್ದೆ ಹೊಡೀತಿತ್ತಾ?"

ಫೆರಿಸ್ ಜಾಲರಿಯ ಕಡೆ ಒಮ್ಮೆ ಕಣ್ಣು ಹಾಯಿಸಿ ತಿರುಗಿ ನಡೆದ. ಅವನ ತಲೆಯಲ್ಲಿ ಬೇರೆಯೇ ಚಿಂತೆ ಇತ್ತು, ನಮ್ಮ ತಲೆಯಲ್ಲೂ ಅದೇ. ಹಿಂದಿನ ಸಂಜೆ ಯಾರೋ ಗೇಟಿನಾಚೆಯ ನದಿರಸ್ತೆಯಲ್ಲಿ ಮುದುಕ ಹೋಬರ್ಟ್ ಪೆಲ್‌ನ ಮೂರು ಚಕ್ರದ ಸೈಕಲ್ಲಿಗೆ ಹಿಂದಿನಿಂದ ಗುದ್ದಿ, ನಿಲ್ಲಿಸದೆ ಹೋಗಿದ್ದರು. ಹೋಬರ್ಟ್ ಸೊಂಟ ಮುರಿದುಕೊಂಡು ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿದ್ದ. ನಾಯಿಯೊಂದರ ವಿಷಯಕ್ಕೆ ಎದ್ದ ಹಳೆಯ ಜಗಳದಿಂದಾಗಿ ಅವನಿಗೂ ಫೆರಿಸನಿಗೂ ಮಾತು ನಿಂತು ವರ್ಷಗಳಾಗಿದ್ದವು. ಮುಸ್ಸಂಜೆ ಫೆರಿಸನ ಟ್ರಕ್ಕು ಅದೇ ರಸ್ತೆಯಲ್ಲಿ ಓಡಾಡಿದ್ದನ್ನು ಇಬ್ಬರು ಕಂಡಿದ್ದರು. ಅದರ ಮೂತಿ ಮೊದಲಿನಿಂದಲೂ ನಗ್ಗಿದ್ದೇ, ಆದರೆ ಅನುಮಾನದ ಕಣ್ಣಿಗೆ ಹಳೆಯ ನಗ್ಗೂ ಹೊಸದಾಗಿ ಕಾಣುತ್ತದೆ.

ಪೊಲೀಸ್ ಅಧಿಕಾರಿ ಮೆರಿಲ್ ಬೆಳಿಗ್ಗೆಯೇ ಬಂದು ಕೇಳಿದ್ದ, "ಸಂಜೆ ಆ ರಸ್ತೇಲಿ ಏನು ಕೆಲಸ ಇತ್ತು ನಿಂಗೆ?"

"ಸುಮ್ನೆ ಒಂದು ಸುತ್ತು ಹೋಗಿದ್ದೆ."

"ಸುಮ್ನೆ? ನಾಲ್ಕು ಸಲಾನಾ?"

ಫೆರಿಸ್ ಸೂಜಿಗೆ ದಾರ ಪೋಣಿಸತೊಡಗಿದ. ಮಧ್ಯಾಹ್ನ ಬಂದು ಕರೆದೊಯ್ಯುತ್ತೇನೆ, ಸಿದ್ಧನಾಗಿರು ಎಂದು ಹೇಳಿ ಮೆರಿಲ್ ಹೊರಟುಹೋದ. ನನಗಂತೂ ಫೆರಿಸನೇ ಅಪರಾಧಿ ಎಂದು ಖಾತ್ರಿಯಾಗಿತ್ತು. ಒಂದೇ ಸಂಕಟವೆಂದರೆ ಅವನ ಹೆಂಡತಿ ಓಪಲ್. ಅವಳಿಗೆ ಮರೆವು ಹತ್ತಿತ್ತು, ಗಂಡ ಎದುರಿಗಿಲ್ಲದಿದ್ದರೆ ಚಮಚ ಹಿಡಿಯುವುದೂ ತೋಚುತ್ತಿರಲಿಲ್ಲ. ಅವನು ಜೈಲಿಗೆ ಹೋದರೆ ಅವಳು ಯಾವುದೋ ವೃದ್ಧಾಶ್ರಮದ ಪಾಲು, ಇಬ್ಬರೂ ಮತ್ತೆ ಒಂದೇ ಸೂರಿನಡಿ ಇರುವುದು ಸುಳ್ಳು.

ಇದನ್ನೇ ನಾನು ಪಕ್ಕದ ಮನೆಯ ವರ್ನಾ ಕಿಟ್ರೆಜ್‌ಗೆ ಹೇಳಿದೆ. ನಾನು, ಲೈಮನ್ ಟಟಲ್, ಆಯುಷ್ಯವಿಡೀ ಶಾಲಾ ಬಸ್ಸು ಓಡಿಸಿದವನು. ವರ್ನಾ ಒಹಾಯೊದಲ್ಲಿ ಲಾಂಡ್ರಿ ನಡೆಸಿದವಳು. ಕಲೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ, ಉಗುರಿನಿಂದ ಕೆರೆದು ಮೂಸಿ ನೋಡುತ್ತಾಳೆ. ನಮ್ಮ ಬಿಡಾರದ ಕಳ್ಳತನ, ಜಗಳ, ಗುಟ್ಟುಗಳೆಲ್ಲ ಅವಳ ಮಡಚುವ ಕುರ್ಚಿಯ ಮುಂದೆಯೇ ಇತ್ಯರ್ಥವಾಗುತ್ತಿದ್ದವು.

"ನಿನ್ನ ಖಾತ್ರಿ ಒಂದು ಕಡೆ ಇಟ್ಟು ಏಳು ಲೈಮನ್. ಆ ಕಾರು ನೋಡ್ಕೊಂಡು ಬರೋಣ."

"ಕಲ್ಲು ಹೊಡೆದ ಕಾರಿಗೂ ಹೋಬರ್ಟ್‌ಗೂ ಏನು ಸಂಬಂಧ?"

"ಗೊತ್ತಿದ್ರೆ ಇಲ್ಲೇ ಕೂತಿರ್ತಿದ್ದೆ."

ಅವಳು ಮೊದಲು ಬಸ್ಸಿನ ಮೂತಿ ನೋಡಿದಳು. ಎತ್ತರದ ಗಾಜಿನ ಮೇಲೆ ಒಂದೆರಡು ಮಿಡತೆ ಒಣಗಿ ಅಂಟಿದ್ದವು, ಅಷ್ಟೇ. ಆಮೇಲೆ ಹಿಂದಕ್ಕೆ ನಡೆದು ಜಾಲರಿಯನ್ನು ಅಂಗೈಯಿಂದ ಸವರಿದಳು. ಎಲ್ಲೂ ತೂತಿಲ್ಲ, ಹೊಲಿಗೆ ಬಿಟ್ಟಿರಲಿಲ್ಲ. ಕೊನೆಗೆ ಕಾರಿನ ಬಿರುಕುಬಿಟ್ಟ ಗಾಜಿನ ತುಂಬ ಅಂಟಿದ್ದ ಬಿಳಿಚುಕ್ಕೆಗಳಲ್ಲಿ ಒಂದನ್ನು ಉಗುರಿನಿಂದ ಕೆರೆದು ನನ್ನ ಮೂಗಿನ ಹತ್ತಿರ ಹಿಡಿದಳು.

"ಥೂ! ನದಿಹುಳ," ಎಂದೆ. ವಸಂತದಲ್ಲಿ ಮುಸ್ಸಂಜೆಯಾದರೆ ಈ ಪುಟ್ಟ ರೆಕ್ಕೆಹುಳಗಳು ನೀರಿನಿಂದ ಮೋಡದಂತೆ ಎದ್ದು ನದಿರಸ್ತೆಯನ್ನೆಲ್ಲ ಮುತ್ತುತ್ತವೆ, ಬೆಳಗಾದರೆ ಒಂದೂ ಇರುವುದಿಲ್ಲ. ಹಿಂದಿನ ಸಂಜೆ ಪೇಟೆಯಿಂದ ಸ್ಕೂಟರಿನಲ್ಲಿ ಬಂದ ನನ್ನ ಕನ್ನಡಕ, ಮೀಸೆಯೆಲ್ಲ ಅವುಗಳಿಂದ ಹಾಳಾಗಿತ್ತು.

ಗೇಲೆನ್ ಹೆಂಡತಿ ಮಾರ್ಲಿಸ್ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದಳು. "ಗಾಜೂ ನಗ್ಗೂ ಬಿಟ್ರೆ ಕಾರು ಮದುಮಗಳ ಹಾಗಿದೆ ಕಣ್ರೀ. ಎಲ್ಲಿ ತೊಳೆಸಿದ್ರಿ?" ಎಂದು ವರ್ನಾ ಕೇಳಿದಳು.

ಮಾರ್ಲಿಸ್ ಬಾಯಿ ತೆರೆಯುವ ಮುಂಚೆ ಗೇಲೆನ್ ಹೇಳಿದ, "ಮನೇಲೇ ತೊಳೆದು ಬಸ್ಸಿಗೆ ಕಟ್ಟಿದ್ದು. ಇಲ್ಲೀತನಕ ಬಿಚ್ಚೇ ಇಲ್ಲ."

"ರಾತ್ರಿ ತಂಗಿದ್ದು?"

"ದೂರ. ಮರುಭೂಮೀಲಿ. ಬೆಳಕು ಹರಿದ ಮೇಲೆ ಹೊರಟ್ವಿ."

ಮಾರ್ಲಿಸ್ ತನ್ನ ಲೋಟದೊಳಗೆ ನೋಡುತ್ತಿದ್ದಳು. ಅಲ್ಲಿಂದ ನಾವು ಫೆರಿಸನ ಬಿಡಾರದ ಮುಂದೆ ಹಾದುಬಂದೆವು. ಮೆಟ್ಟಿಲ ಕೆಳಗೆ ಓಪಲ್‌ಳ ಬಟ್ಟೆಯ ಬೂಟುಗಳು ನದಿಯ ಕೆಸರಿನಲ್ಲಿ ಅದ್ದಿದಂತಿದ್ದವು. ಬಾಗಿಲಿಗೆ ಪುಟ್ಟ ಹಿತ್ತಾಳೆ ಗಂಟೆ ಕಟ್ಟಿತ್ತು. ವರ್ನಾ ಎರಡನ್ನೂ ನಿಂತು ನೋಡಿದಳು.

ಮಧ್ಯಾಹ್ನ ಮೆರಿಲ್ ಬಂದಾಗ ವರ್ನಾ ಎಲ್ಲರನ್ನೂ ಸಮುದಾಯದ ಕೋಣೆಗೆ ಕರೆಸಿದ್ದಳು. ಫೆರಿಸ್ ಓಪಲ್‌ಳ ಕೈ ಹಿಡಿದು ಮೂಲೆಯಲ್ಲಿ ಕೂತಿದ್ದ. ಎಲ್ಲರ ಕಣ್ಣು ಅವನ ಮೇಲೆಯೇ.

"ಬಸ್ಸಿನ ಹಿಂದೆ ಕಟ್ಟಿದ ಕಾರಿಗೆ ಹುಳ ಹೊಡಿಯುತ್ತಾ ಲೈಮನ್?" ಎಂದು ವರ್ನಾ ಶುರು ಮಾಡಿದಳು.

"ಎಲ್ಲಾದ್ರೂ ಉಂಟಾ? ಹುಳ ಎಲ್ಲ ಬಸ್ಸಿನ ಮೂತಿಗೆ. ಕಾರು ಅದರ ಮರೇಲಿರುತ್ತೆ, ಮುಂದೆ ಪರದೆ ಬೇರೆ."

"ಗೇಲೆನ್ ಬಸ್ಸಿನ ಮೂತೀಲಿ ಒಂದೂ ನದಿಹುಳ ಇಲ್ಲ. ಮರೇಲಿದ್ದ ಕಾರಿನ ಗಾಜಿನ ತುಂಬ ಅದೇ. ತೊಳೆದು ಕಟ್ಟಿದ ಕಾರಂತೆ, ಬಿಚ್ಚೇ ಇಲ್ವಂತೆ. ಹಾಗಾದ್ರೆ ಹುಳ ಪರದೆ ದಾಟಿ ಬಂದು ಕೂತ್ವಾ?"

ಯಾರೋ ಕಿಸಕ್ಕೆಂದರು. ಗೇಲೆನ್ ನಗಲಿಲ್ಲ.

"ಕಲ್ಲು ಬಂದಿದ್ರೆ ಜಾಲರಿ ಹರಿದು ಬರಬೇಕಿತ್ತು, ಹರಿದಿಲ್ಲ. ಅಡಿಯಿಂದ ನುಸುಳಿದ್ರೆ ಕಾರಿನ ಹೊಟ್ಟೆಗೆ ತಾಗಬೇಕಿತ್ತು, ಗಾಜಿಗಲ್ಲ. ಅಂದ್ರೆ ಗಾಜು ಒಡೆದಾಗ ಕಾರು ಬಸ್ಸಿನ ಹಿಂದೆ ಇರ್ಲಿಲ್ಲ. ಅದು ಒಂಟಿಯಾಗಿ, ಮುಸ್ಸಂಜೇಲಿ, ನದಿರಸ್ತೇಲಿ ಓಡ್ತಿತ್ತು. ಯಾಕೆ ಅಂತ ನಮಗೆಲ್ಲ ಗೊತ್ತು. ಕಾರು ಕಟ್ಟಿದ ಬಸ್ಸನ್ನ ಹಿಂದಕ್ಕೆ ತೆಗೆಯೋಕಾಗಲ್ಲ. ಅದಕ್ಕೇ ಬುದ್ಧಿ ಇದ್ದೋರು ಬಸ್ಸನ್ನ ಪೇಟೇಲಿ ನಿಲ್ಲಿಸಿ, ಕಾರಲ್ಲಿ ಬಂದು ಬಸ್ಸು ನಿಲ್ಲಿಸೋ ಜಾಗ ನೋಡ್ಕೊಂಡು ಹೋಗ್ತಾರೆ. ನೀವೂ ನಿನ್ನೆ ಬಂದ್ರಿ ಗೇಲೆನ್. ಹುಳ ಮುತ್ತಿದ ಗಾಜಲ್ಲಿ ಹೋಬರ್ಟ್ ಕಾಣ್ಲಿಲ್ಲ. ವಾಪಸ್ ಹೋಗಿ ಕಾರು ಕಟ್ಟಿದ್ರಿ, ಪರದೆ ಬಿಗಿದ್ರಿ, ಬೆಳಿಗ್ಗೆ ಬಂದು ಎಲ್ಲರಿಗಿಂತ ಜೋರಾಗಿ ಕೂಗಿದ್ರಿ. ಬಾನೆಟ್ಟು ಒರೆಸಿದ್ರಿ, ಗಾಜು ಒರೆಸೋಕೆ ಹೋದ್ರೆ ಉದುರುತ್ತೆ ಅಂತ ಬಿಟ್ರಿ. ಹುಳ ತಾನೇ, ಯಾವ ಗಾಡಿಗಿಲ್ಲ ಅಂತ."

"ಬರೀ ಊಹೆ!" ಗೇಲೆನ್ ಎದ್ದು ನಿಂತ.

ಅಷ್ಟರಲ್ಲಿ ಮಾರ್ಲಿಸ್‌ಳ ದನಿ ಬಂತು. "ಕತ್ತೆ ಅಂದ್ರಿ ನೀವು."

"ಬಾಯಿ ಮುಚ್ಚು."

"ಕಾಡುಕತ್ತೆ ಅಡ್ಡ ಬಂತು, ಗುದ್ದಿದೆ, ಅದಕ್ಕೆ ಸರ್ಕಾರದ ರಕ್ಷಣೆ ಇದೆ, ಗೊತ್ತಾದ್ರೆ ಕೇಸಾಗುತ್ತೆ, ಕಲ್ಲು ಅಂತ ಹೇಳು ಅಂದ್ರಿ. ನಾನು ಪೇಟೇಲಿ ಬಸ್ಸಲ್ಲಿ ಕಾಯ್ತಾ ಕೂತಿದ್ದೆ. ಮನುಷ್ಯ ಅಂತ ಹೇಳ್ಲಿಲ್ಲ ನೀವು. ಮನುಷ್ಯ ಅಂತ ಹೇಳ್ಲೇ ಇಲ್ಲ!"

ಮೆರಿಲ್ ಹೊರಗೆ ಹೋಗಿ ಕಾರಿನ ಮುಂದೆ ಮಂಡಿಯೂರಿದ. ಕಾರಿನ ಮೂತಿಯ ಕೆಳಗಿನ ಗ್ರಿಲ್ಲಿನ ಸಂದಿಯಲ್ಲಿ ಹೋಬರ್ಟನ ಸೈಕಲ್ಲಿನ ಹಳದಿ ಬಣ್ಣದ ಚಕ್ಕೆ ಸಿಕ್ಕಿತು. ಗೇಲೆನ್‌ನನ್ನು ಜೀಪಿಗೆ ಹತ್ತಿಸಿದ ಮೇಲೆ ಮೆರಿಲ್ ಒಳಗೆ ಬಂದು ಕೇಳಿದ, "ಎಲ್ಲ ಸರಿ ಮೇಡಂ. ಆದ್ರೆ ಫೆರಿಸ್ ಆ ರಸ್ತೇಲಿ ಏನು ಮಾಡ್ತಿದ್ದ?"

ಫೆರಿಸನ ಮುಖ ಸುಣ್ಣವಾಯಿತು. ತಮ್ಮ ಪಾಡು ತಾವು ನೋಡಿಕೊಳ್ಳಲಾರದವರು, ಮನೆ ಬಿಟ್ಟು ಅಲೆಯುವವರು ಇಲ್ಲಿರಬಾರದೆಂಬುದು ಬಿಡಾರದ ನಿಯಮ. ಆ ಕೆಸರಿನ ಬೂಟು, ಬಾಗಿಲು ತೆರೆದರೆ ಸದ್ದಾಗಲೆಂದು ಕಟ್ಟಿದ ಆ ಗಂಟೆ ನನಗೆ ಆಗ ಅರ್ಥವಾದವು. ಹೆಂಡತಿಯನ್ನು ಹುಡುಕಲು ಹೋದೆ ಎಂದು ಹೇಳುವ ಬದಲು ಈ ಮನುಷ್ಯ ಜೈಲಿಗೆ ಹೋಗಲು ಸಿದ್ಧನಾಗಿದ್ದ.

"ಸುಮ್ನೆ ಸುತ್ತು ಹೋಗಿದ್ದೆ ಅಂದ್ನಲ್ಲ," ಎಂದಳು ವರ್ನಾ. "ನಿಮ್ಮ ಕೇಸಿಗೆ ಅಷ್ಟು ಸಾಲ್ದಾ?"

ಮೆರಿಲ್ ಒಮ್ಮೆ ಓಪಲ್‌ಳನ್ನು ನೋಡಿದ, ಟೋಪಿ ಹಾಕಿಕೊಂಡು ಹೊರಟ.

ಆ ಸಂಜೆ ವರ್ನಾ ತನ್ನ ಮಡಚುವ ಕುರ್ಚಿಯನ್ನು ಹೊತ್ತೊಯ್ದು ಫೆರಿಸನ ಬಾಗಿಲಿನ ಎದುರು ಹಾಕಿದಳು. "ನಿಂದೂ ತಗೊಂಡು ಬಾ ಲೈಮನ್. ಇನ್ಮೇಲೆ ನಮ್ಮ ಕಾಫಿ ಇಲ್ಲೇ," ಎಂದಳು. ಒಳಗೆ ಫೆರಿಸ್ ಬಟ್ಟೆ ಬದಲಿಸದೆ ಹಾಸಿಗೆಗೆ ಬಿದ್ದು ನಿದ್ದೆಹೋಗಿದ್ದ. ನದಿಹುಳಗಳು ಏಳುತ್ತಿದ್ದವು. ಲೋಟಕ್ಕೆ ಮುಚ್ಚಳ ಹುಡುಕುತ್ತಿದ್ದಾಗ ಹಿತ್ತಾಳೆ ಗಂಟೆ ಮೆಲ್ಲಗೆ ಟಿಣ್ ಎಂದಿತು, ಓಪಲ್ ಬರಿಗಾಲಲ್ಲಿ ಮೆಟ್ಟಿಲಿಳಿದಳು.

ನಾನು ಎದ್ದು ತೋಳು ಕೊಟ್ಟೆ. "ಎಲ್ಲಿಗೆ ಹೊರಟ್ರಿ?"

"ಫೆರಿಸ್‌ನ ಹುಡುಕೋಕೆ," ಎಂದಳು ಅವಳು.

"ಬನ್ನಿ, ಅವನಿರೋ ಜಾಗ ನಂಗೊತ್ತು," ಎಂದು ಅವಳನ್ನು ಒಳಗೆ ಕರೆದುಕೊಂಡು ಹೋದೆ.